ಕಾರ್ಕಿನ ಗುಂಡಿ, ಕುಲಶೇಖರದ ಮಣ್ಣು

ಐರ್ಲೆಂಡಿಗೆ ಹೋಗಿ ನಾನು ನೋಡಿಬಂದದ್ದು ಒಂದು ಗುಂಡಿಯನ್ನು. ಕೋಟೆ, ಹಸುರು ಗುಡ್ಡ, ಸಮುದ್ರದ ಬಂಡೆ ಎಲ್ಲವೂ ಅಲ್ಲಿ ಇವೆಯಂತೆ. ಬೇಕಾದವರು ಫೋನಿನಲ್ಲಿ ನೋಡಿಕೊಳ್ಳಬಹುದು. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಮಂಗಳೂರಿನ ಬಂದರಿನಲ್ಲಿ ಒಣಮೆಣಸು ಬೆಳ್ಳುಳ್ಳಿಯ ಗೋದಾಮು ನೋಡಿಕೊಳ್ಳುವವನು. ನನ್ನಂಥವನು ವಿದೇಶಕ್ಕೆ ಹೋಗಿಬಂದರೆ ಜನ ಕೇಳುವುದು ಎರಡೇ ಪ್ರಶ್ನೆ: ಚಳಿ ಹೇಗೆ, ಅಲ್ಲಿ ಕೆಲಸ ಸಿಗುತ್ತದೆಯೇ. ಗುಂಡಿಯ ಬಗ್ಗೆ ಯಾರೂ ಕೇಳಲಿಲ್ಲ. ಆದ್ದರಿಂದ ನಾನೇ ಹೇಳಬೇಕಾಗಿದೆ.

ಬಜ್ಪೆಯಿಂದ ಡಬ್ಲಿನ್

ನನ್ನ ಅಕ್ಕ ಸೆವ್ರಿನ್ ಮೊದಲು ಗಲ್ಫಿನಲ್ಲಿ, ಆಮೇಲೆ ಐರ್ಲೆಂಡಿನ ಕಾರ್ಕ್ ಎಂಬ ಪಟ್ಟಣದಲ್ಲಿ ನರ್ಸ್ ಆಗಿದ್ದವಳು. ನಮ್ಮ ಕೊಂಕಣಿಯಲ್ಲಿ ಅಕ್ಕನನ್ನು ಬಾಯ್ ಎನ್ನುವುದು, ತಮ್ಮನನ್ನು ಬಾಬ್. ಭಾವ ತೀರಿಹೋದರು, ಅವಳು ನಿವೃತ್ತಳಾದಳು, ಮೊಣಕಾಲು ನೋವೆಂದು ಊರಿಗೆ ಬರುವುದನ್ನೂ ಬಿಟ್ಟಳು. ಈ ವರ್ಷ ನನಗೇ ಟಿಕೆಟ್ ಕಳಿಸಿದಳು. "ಸಾಯುವ ಮೊದಲು ಒಮ್ಮೆ ಬಂದು ಹೋಗು ಬಾಬ್" ಎಂದಳು. ಯಾರು ಸಾಯುವ ಮೊದಲು ಎಂಬುದನ್ನು ಬಿಡಿಸಿ ಹೇಳಲಿಲ್ಲ.

ನನ್ನ ಹೆಂಡತಿ ಒಂದು ಬಾಟಲಿ ಹಂದಿಮಾಂಸದ ಉಪ್ಪಿನಕಾಯಿಯನ್ನು ಸ್ವೆಟರಿನ ತೋಳಿನೊಳಗೆ ತೂರಿಸಿ ಪೆಟ್ಟಿಗೆಯಲ್ಲಿಟ್ಟಳು. ಮಾಂಸ ಒಯ್ಯಬಾರದೆಂದು ನಮಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ತೋಳಿನೊಳಗೆ ಹೋಯಿತು. ಡಬ್ಲಿನ್ನಿನಲ್ಲಿ ಒಂದು ನಾಯಿ ಬಂದು ನನ್ನ ಪೆಟ್ಟಿಗೆಯ ಎದುರು ಕುಳಿತುಕೊಂಡಿತು. ಬೊಗಳಲಿಲ್ಲ, ಪೆಟ್ಟಿಗೆ ಮುಟ್ಟಲೂ ಇಲ್ಲ, ಪೂಜೆಗೆ ಬಂದವರ ಹಾಗೆ ಸುಮ್ಮನೆ ಕುಳಿತಿತ್ತು. ಅಧಿಕಾರಿ ಕೇಳಿದ, ಮಾಂಸ ಏನಾದರೂ ಉಂಟಾ ಎಂದು. "ನೋ ಸಾರ್" ಎಂದೆ. ಅವನು ಸ್ವೆಟರಿನ ತೋಳಿಗೆ ನೇರವಾಗಿ ಕೈ ಹಾಕಿ ಬಾಟಲಿ ತೆಗೆದ, ಮುಚ್ಚಳ ಬಿಚ್ಚಿ ಮೂಸಿದ, ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ "ಸಾರಿ" ಎಂದು ಹೇಳಿ ಕಸದ ಡಬ್ಬಿಗೆ ಹಾಕಿದ.

ಸುಳ್ಳು ಹೇಳಿದವನು ನಾನು, ಸಾರಿ ಕೇಳಿದವನು ಅವನು. ಈ ದೇಶದಲ್ಲಿ ಬದುಕುವುದು ಸುಲಭ ಎಂದುಕೊಂಡೆ.

ಕಾರ್ಕ್: ಮಳೆ ಮತ್ತು ಉಪಕಾರ

ಕಾರ್ಕ್ ನಮ್ಮ ಮಂಗಳೂರಿನ ಹಾಗೆಯೇ ನದಿ, ಹಳೆಯ ಬಂದರು, ಏರುತಗ್ಗು, ಇಗರ್ಜಿ ಮತ್ತು ಮಳೆಯಿಂದ ಮಾಡಿದ ಊರು. ಆದರೆ ಮಳೆಯಲ್ಲಿ ವ್ಯತ್ಯಾಸ ಉಂಟು. ನಮ್ಮ ಮಳೆ ಬಾಗಿಲು ಒಡೆದು ಬರುತ್ತದೆ. ಅವರದು ಬರುತ್ತದೆಯೋ ಹೋಗುತ್ತದೆಯೋ ಗೊತ್ತಾಗುವುದಿಲ್ಲ. ದಿನವಿಡೀ ಹೊಸಿಲಲ್ಲಿ ನಿಂತು ಯೋಚನೆ ಮಾಡುತ್ತಿರುತ್ತದೆ. ಅದರ ಬಗ್ಗೆ ಅಲ್ಲಿಯವರು ಪ್ರತಿ ಸಲವೂ ಇವತ್ತೇ ಮೊದಲು ಕಂಡವರಂತೆ ಮಾತಾಡುತ್ತಾರೆ.

ಅಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬನೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾನೆ. ಬಸ್ಸು ಪೂರ್ತಿ ನಿಂತಿರುತ್ತದೆ, ಆದ್ದರಿಂದ ಹೇಳಲು ಸಮಯ ಸಿಗುತ್ತದೆ. ನಮ್ಮೂರಿನ ಬಿಕರ್ನಕಟ್ಟೆಯಲ್ಲಿ ಇಳಿಯುವವನಿಗೆ ಒಂದು ಕಾಲು ನೆಲಕ್ಕೆ ತಾಗುವಾಗಲೇ ಕಂಡಕ್ಟರ್ ಸೀಟಿ ಊದಿರುತ್ತಾನೆ. ಆ ಹೊತ್ತಿನಲ್ಲಿ ನಾವು ನೆನೆಯುವುದು ಡ್ರೈವರನನ್ನಲ್ಲ, ಅಲ್ಲಿಯ ಪುಣ್ಯಕ್ಷೇತ್ರದ ಬಾಲಯೇಸುವನ್ನು.

ಬಾಯ್‌ನ ಮನೆ ಸಣ್ಣದು. ಅಡುಗೆಮನೆಯ ಗೋಡೆಗೆ ಒರಗಿಸಿದ ಏನನ್ನೋ ಟವೆಲಿನಲ್ಲಿ ಸುತ್ತಿಟ್ಟಿದ್ದಳು. ನಾನು ಚಹಾ ಮುಗಿಸುವ ಮೊದಲೇ ಟವೆಲ್ ಬಿಚ್ಚಿದಳು. ಊಟದ ತಟ್ಟೆಯಷ್ಟು ಅಗಲದ, ಬೂದು ಬಣ್ಣದ ಚಪ್ಪಟೆ ಕಲ್ಲು. ಅದರ ಮೇಲೆ ಕನ್ನಡ ಅಕ್ಷರದಲ್ಲಿ ಜುವಾಂವ್ ಎಂದು ಕೆತ್ತಿತ್ತು.

"ಇಲ್ಲಿಯ ಕಲ್ಲುಕುಟಿಗ ಕೆತ್ತಿದ್ದು. ನಾನು ಕಾಗದದಲ್ಲಿ ಬರೆದುಕೊಟ್ಟೆ. ಚೆಂದ ಬಂದಿದೆ ಅಲ್ವಾ?"

"ಚೆಂದ ಉಂಟು."

"ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಬರ್ತೇನೆ, ಮೊಣಕಾಲು ಏನಾದರೂ ಆಗಲಿ. ಅವನ ಗುಂಡಿಯ ಮೇಲೆ ನಾನೇ ಇಡಬೇಕು. ನೀನು ಅಷ್ಟು ಚೆಂದ ಮಾಡಿ ಮುಗಿಸಿದ್ದಿ. ನಂದೂ ಒಂದು ಇರಲಿ."

ನಾನು ಬಿಸ್ಕೆಟನ್ನು ಚಹಾದಲ್ಲಿ ಮುಳುಗಿಸಿ ಅದು ಕರಗಿಹೋಗುವ ತನಕ ಹಿಡಿದುಕೊಂಡೇ ಇದ್ದೆ.

ಬೇಲಿಯ ಕಿಂಡಿ

ಬಾಯ್‌ನ ಬೀದಿಯ ಕೊನೆಯಲ್ಲಿ ಒಂದು ಹಳೆಯ ಮರದ ಡಿಪೋ ಇತ್ತಂತೆ. ಅದನ್ನು ಕೆಡವಿ ಐದಾರು ಮಹಡಿಯ ವಸತಿಗೃಹ ಕಟ್ಟಲಿಕ್ಕಿತ್ತು. ಸುತ್ತ ಹಲಗೆಯ ಬೇಲಿ, ಬೇಲಿಯಲ್ಲಿ ದಾರಿಹೋಕರು ನೋಡಲಿಕ್ಕೆಂದೇ ಮಾಡಿದ ಚೌಕದ ಕಿಂಡಿಗಳು. ನಮ್ಮಲ್ಲಿ ಬೇಲಿ ಹಾಕುವುದೇ ಯಾರೂ ನೋಡಬಾರದೆಂದು. ಇವರು ಬೇಲಿಯನ್ನೂ ಹಾಕಿ ಕಿಂಡಿಯನ್ನೂ ಕೊಯ್ದಿದ್ದರು.

ಕಿಂಡಿಯಲ್ಲಿ ಕಣ್ಣಿಟ್ಟೆ. ಒಂದು ಕ್ರೇನು ಕೈಕಟ್ಟಿ ನಿಂತಿತ್ತು. ಜೆಸಿಬಿ ಮೂಲೆಯಲ್ಲಿ ಮಲಗಿತ್ತು. ನಡುವಿನ ಗುಂಡಿಯಲ್ಲಿ ಹತ್ತು ಹನ್ನೆರಡು ಮಂದಿ ಮಳೆಯಂಗಿ ಹಾಕಿಕೊಂಡು, ಮೊಣಕಾಲೂರಿ, ಗಾರೆಯವರ ಕರಣೆಯಂಥ ಪುಟ್ಟ ಕರಣೆಗಳಲ್ಲಿ ಮಣ್ಣು ಕೆರೆಯುತ್ತಿದ್ದರು. ತೋಡುತ್ತಿರಲಿಲ್ಲ, ಕೆರೆಯುತ್ತಿದ್ದರು. ಒಬ್ಬಳು ಕುಂಚದಿಂದ ಒಂದು ಮಡಕೆ ಚೂರಿಗೆ ಮುಖ ತೊಳೆಸುತ್ತಿದ್ದಳು. ಇನ್ನೊಬ್ಬ ಬಕೆಟಿನ ಮಣ್ಣನ್ನು ಜರಡಿ ಹಿಡಿಯುತ್ತಿದ್ದ, ನಾವು ಬೋಂಡದ ಹಿಟ್ಟು ಜರಡಿ ಹಿಡಿಯುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ.

"ಎಂತ ಇದು, ಇವರಿಗೆ ಹಾರೆ ಇಲ್ವಾ?" ಎಂದು ಕೇಳಿದೆ.

ಬಾಯ್ ನಕ್ಕಳು. "ಹಳೆ ಪೇಟೆಯಲ್ಲಿ ಕಟ್ಟಡ ಕಟ್ಟುವ ಮೊದಲು ಕೆಳಗೆ ಎಂತ ಉಂಟು ಅಂತ ಹೀಗೆ ನೋಡಿಯೇ ಆಗಬೇಕು. ಕಾನೂನು. ಹಳೆ ಕಾಲದ್ದು ಸಿಕ್ಕಿದರೆ ಬಿಡಿಸಿ ತೆಗೆದು, ಬರೆದಿಟ್ಟು, ಆಮೇಲೆಯೇ ಫೌಂಡೇಶನ್."

"ಅಷ್ಟರ ತನಕ ಬಿಲ್ಡರ್?"

"ಕಾಯ್ತಾನೆ."

ಕಾಯುವ ಬಿಲ್ಡರನನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಬಂದರಿನಲ್ಲಿ ನಮ್ಮ ಗೋದಾಮಿನ ಎದುರು ಚರಂಡಿಗೆ ಅಗೆಯುವಾಗ ಒಮ್ಮೆ ದೊಡ್ಡದೊಂದು ಭರಣಿಯ ಬಾಯಿ ಕಾಣಿಸಿತ್ತು, ಅದರ ಪಕ್ಕ ಕೆಂಪುಕಲ್ಲಿನ ಹಳೆಯ ಗೋಡೆ. ಕಂಟ್ರಾಕ್ಟರ್ ಮೊದಲು ಮಾಡಿದ ಕೆಲಸ ಟಾರ್ಪಾಲ್ ಹೊದೆಸಿದ್ದು, ಎರಡನೆಯದು "ಯಾರೂ ಫೋಟೊ ತೆಗಿಬೇಡಿ ಮಾರಾಯ್ರೆ, ಕೆಲಸ ನಿಲ್ತದೆ" ಎಂದದ್ದು. ಬೆಳಗಾಗುವಾಗ ಕಾಂಕ್ರೀಟು ಬಿದ್ದಿತ್ತು. ಆ ಗೋಡೆಯ ಒಂದು ಕಲ್ಲು ಈಗ ನಮ್ಮ ಗೋದಾಮಿನ ಮೆಟ್ಟಿಲು. ಅದನ್ನು ಹೊತ್ತುತಂದವನು ಯಾರೆಂದು ಕೇಳಬೇಡಿ.

ಹೀಗೆ ನಗುತ್ತ ನೋಡುತ್ತಿದ್ದಾಗ ಗುಂಡಿಯ ಒಂದು ಮೂಲೆಗೆ ಬಿಳಿಯ ಡೇರೆ ಕಟ್ಟಿದ್ದು ಕಾಣಿಸಿತು. ಅದೇನೆಂದು ಬಾಯ್‌ನನ್ನು ಕೇಳಿದೆ.

"ಮಕ್ಕಳು" ಎಂದಳು. "ಅಲ್ಲಿ ಹಿಂದೆ ಒಂದು ಸಣ್ಣ ಇಗರ್ಜಿ ಇತ್ತಂತೆ. ಅದರ ಗೋಡೆಯ ಹೊರಗೆ ಸಿಕ್ಕಿದ್ದು. ಬಾಪ್ತಿಜ್ಮ್ ಆಗದೆ ಸತ್ತ ಮಕ್ಕಳನ್ನು ಒಳಗೆ ಹುಗಿಯಲಿಕ್ಕೆ ಇಲ್ಲಿಯೂ ಬಿಡ್ತಿರಲಿಲ್ಲ. ನಮ್ಮ ಜುವಾಂವ್‌ನ ಹಾಗೆಯೇ."

ನಾನು ಕಿಂಡಿಯಿಂದ ಮುಖ ತೆಗೆದೆ.

ನಡುವೆ ಕುಲಶೇಖರಕ್ಕೆ

ಇಲ್ಲಿ ಪ್ರವಾಸವನ್ನು ಸ್ವಲ್ಪ ನಿಲ್ಲಿಸಿ ಮನೆಗೆ ಬರಬೇಕು.

ನಾನು ಹುಟ್ಟುವ ಮೊದಲು ನನಗೊಬ್ಬ ಅಣ್ಣ ಹುಟ್ಟಿದ್ದ. ಮಂಗಳೂರಿನ ಕುಲಶೇಖರದ ನಮ್ಮ ಹಳೆಯ ಮನೆಯಲ್ಲಿಯೇ ಹೆರಿಗೆ. ಮಗು ಉಸಿರಿಗಾಗಿ ಒದ್ದಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಪಾದ್ರಿಗೆ ಕಾಯಬೇಕಾಗಿಲ್ಲ, ಯಾರಾದರೂ ತಲೆಗೆ ನೀರು ಹಾಕಿ ಬಾಪ್ತಿಜ್ಮ್, ಎಂದರೆ ಕ್ರೈಸ್ತ ದೀಕ್ಷೆ, ಕೊಡಬಹುದು. ಹಂಡೆಯ ನೀರೆಲ್ಲ ಹೆರಿಗೆಗೆ ಮುಗಿದಿತ್ತು. ಅಜ್ಜಿ ಏಳು ವರ್ಷದ ಸೆವ್ರಿನಳನ್ನು ಬಾವಿಗೆ ಓಡಿಸಿದಳು. ರಾಟೆಯಲ್ಲಿ ಹಗ್ಗ ಸಿಕ್ಕಿಹಾಕಿಕೊಂಡಿತು. ಅವಳು ಕೊಡಪಾನ ಹೊತ್ತು ಓಡಿಬರುವಾಗ ಮಗು ಇರಲಿಲ್ಲ. ಬಾಪ್ತಿಜ್ಮ್ ಇಲ್ಲದ ಮಗುವಿಗೆ ಆಗ ಇಗರ್ಜಿಯ ಸ್ಮಶಾನದಲ್ಲಿ ಜಾಗವಿರಲಿಲ್ಲ. ಮನೆಯ ಹಿಂದೆ ಬಿಂಬುಳಿ ಎಂಬ ಹುಳಿಕಾಯಿಯ ಮರದ ಬುಡದಲ್ಲಿ ಅಪ್ಪ ಹುಗಿದರು. ಹೆಸರಿಲ್ಲದ ಅವನಿಗೆ ಜುವಾಂವ್ ಎಂದು ಹೆಸರಿಟ್ಟವಳು ಬಾಯ್, ತನ್ನ ಮನಸ್ಸಿನಲ್ಲಿ.

ಮೂರು ವರ್ಷದ ಹಿಂದೆ ಆ ಜಾಗವನ್ನು ಫ್ಲ್ಯಾಟ್ ಕಟ್ಟಲು ಕೊಟ್ಟೆವು. ಬಾಯ್ ಸಹಿ ಹಾಕುವಾಗ ಒಂದೇ ಶರತ್ತು ಹಾಕಿದಳು. ಜೆಸಿಬಿ ಬರುವ ಮೊದಲು ಬಿಂಬುಳಿಯ ಬುಡವನ್ನು ಕೈಯಲ್ಲಿ ಅಗೆಸಿ, ಸಿಕ್ಕಿದ್ದನ್ನು ಪೆಟ್ಟಿಗೆಯಲ್ಲಿಟ್ಟು, ಸ್ಮಶಾನದಲ್ಲಿ ಹುಗಿಸಬೇಕು. ಈಗಿನ ಪಾದ್ರಿ ಕೂಡಲೇ ಒಪ್ಪಿದರು. ಸೋಮವಾರಕ್ಕೆ ಇಬ್ಬರು ಆಳುಗಳನ್ನು ಹೇಳಿಟ್ಟೆ.

ಶನಿವಾರ ಬಿಕರ್ನಕಟ್ಟೆಯಲ್ಲಿ ಗೆಳೆಯನ ಮಗಳ ರೋಸ್, ಮದುವೆಯ ಮುಂಚಿನ ದಿನ ಹುಡುಗಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಮಧ್ಯಾಹ್ನದಿಂದಲೇ ಹಂದಿಮಾಂಸ ಬೇಯುವ ಪಾತ್ರೆಯ ಪಕ್ಕ ನನಗೆ ಮೇಲ್ವಿಚಾರಣೆಯ ಜವಾಬ್ದಾರಿ. ಕೈಯಲ್ಲೊಂದು ಗ್ಲಾಸು. ಆಗ ಜೆಸಿಬಿಯ ಹುಡುಗನ ಫೋನು, ಬಿಜಾಪುರದ ಕಡೆಯವನು.

"ಸರ್ರ, ಸೋಮವಾರ ಬ್ಯಾರೆ ಕಡೆ ಕೆಲಸ ಐತ್ರಿ. ಅದಕ್ಕ ಇವತ್ತ ಬಂದೀನಿ. ಹಿಂದಿನ ಗಿಡ ತಗಿಲೇನ್ರಿ?"

"ತೆಗಿ ಮಾರಾಯ" ಎಂದೆ.

ಮರೆತೆ ಎಂದು ಹೇಳಿದರೆ ನನಗೆ ಒಳ್ಳೆಯದಿತ್ತು. ಮೂರು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಫೋನು ಹಿಡಿದಿದ್ದಾಗ ಬಿಂಬುಳಿ ಮರ ಕಣ್ಣಿಗೆ ಕಟ್ಟಿತ್ತು. ಅಲ್ಲಿ ಎಂತ ಉಂಟು, ಬರೀ ಮಣ್ಣು, ಎಂದುಕೊಂಡೆ. ಸ್ಕೂಟರಿನಲ್ಲಿ ಹೋದರೆ ಹತ್ತು ನಿಮಿಷದ ದಾರಿ. ಮಾಂಸ ಆಗಷ್ಟೇ ಮೆತ್ತಗಾಗುತ್ತಿತ್ತು.

ಮರುದಿನ ಹೋಗಿ ನೋಡುವಾಗ ಬಿಂಬುಳಿಯ ಜಾಗದಲ್ಲಿ ಬಾವಿಯಷ್ಟು ಗುಂಡಿ. ಮಣ್ಣೆಲ್ಲ ಟಿಪ್ಪರಿನಲ್ಲಿ ಹೋಗಿ ಒಂದು ತಗ್ಗು ಗದ್ದೆಗೆ ಬಿದ್ದಿತ್ತು, ಮದುವೆ ಹಾಲ್ ಕಟ್ಟಲು ಎತ್ತರ ಮಾಡುತ್ತಿದ್ದ ಗದ್ದೆಗೆ. ನಾನು ಬಾವಿಕಟ್ಟೆಯ ಪಕ್ಕದ ರಾಶಿಯಿಂದ ಒಂದಷ್ಟು ಮಣ್ಣನ್ನು ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದೆ. ಪಾದ್ರಿ ಪ್ರಾರ್ಥನೆ ಮಾಡಿದರು. ನಾನು ವೀಡಿಯೊ ಕಾಲ್ ಹಿಡಿದೆ. ಬಾಯ್ ಕಾರ್ಕಿನ ಅಡುಗೆಮನೆಯಲ್ಲಿ, ಅದೇ ನೋಯುವ ಮೊಣಕಾಲು ಊರಿ ಅಳುತ್ತಿದ್ದಳು. "ಏನಾದರೂ ಸಿಕ್ಕಿತಾ ಬಾಬ್?" ಎಂದು ಕೇಳಿದಳು. ಅವಳಿಗೆ ಸಮಾಧಾನವಾಗಲಿ ಎಂದು ನಾನು ಧಾರಾಳವಾಗಿ ಹೇಳಿದೆ: "ಒಂದು ಸಣ್ಣ ಎಲುಬು ಸಿಕ್ಕಿತು."

ಆ ಪೆಟ್ಟಿಗೆಯ ಮೇಲೆ ಇಡಲಿಕ್ಕೆ ಅವಳು ಕಲ್ಲು ಕೆತ್ತಿಸಿದ್ದು.

ಶನಿವಾರ, ಗುಂಡಿಯ ಒಳಗೆ

ನೆರೆಕರೆಯವರಿಗೆ ಗುಂಡಿ ತೋರಿಸಲು ಅವರು ಒಂದು ಶನಿವಾರ ಇಟ್ಟುಕೊಂಡಿದ್ದರು. ಚಹಾ, ಕೇಕು, ತಲೆಗೆ ಹಳದಿ ಹೆಲ್ಮೆಟ್ಟು. ಗುಂಡಿ ನೋಡಲು ಬಂದ ಅಜ್ಜಿಯರು ಹಬ್ಬಕ್ಕೆ ಬಂದವರಂತೆ ಲಿಪ್‌ಸ್ಟಿಕ್ ಹಾಕಿದ್ದರು. ನಮ್ಮನ್ನು ಕರೆದೊಯ್ದವಳು ಆ ಕೆಲಸದ ಮುಖ್ಯಸ್ಥೆ ನೋರಾ, ಕೆಸರು ಮೆತ್ತಿದ ಬೂಟಿನ, ಗಟ್ಟಿ ಧ್ವನಿಯ ಹೆಂಗಸು. ಅವಳ ಇಂಗ್ಲಿಷಿನಲ್ಲಿ ನನಗೆ ಅರ್ಥವಾಗುತ್ತಿದ್ದದ್ದು "ಲವ್ಲಿ" ಎಂಬ ಶಬ್ದ ಮಾತ್ರ. ಹಳೆಯ ಚರಂಡಿಯನ್ನೂ ಲವ್ಲಿ ಎಂದಳು, ಕಕ್ಕಸಿನ ಗುಂಡಿಯನ್ನೂ ಲವ್ಲಿ ಎಂದಳು. ಉಳಿದದ್ದನ್ನು ಬಾಯ್ ನನ್ನ ಕಿವಿಯಲ್ಲಿ ಕೊಂಕಣಿಗೆ ತಿರುಗಿಸುತ್ತಿದ್ದಳು.

ಡೇರೆಯ ಹತ್ತಿರ ಬಂದಾಗ ಎಲ್ಲರೂ ಹೆಲ್ಮೆಟ್ ತೆಗೆದರು. ಒಳಗೆ ಬಿಡಲಿಲ್ಲ. ನೋರಾ ದನಿ ತಗ್ಗಿಸಿ ಹೇಳಿದಳು. ಬಾಯ್ ತಿರುಗಿಸಿದಳು: "ಒಂದೊಂದು ಮಗುವಿಗೂ ಬೇರೆ ಬೇರೆ ಪೆಟ್ಟಿಗೆಯಂತೆ. ಎಲ್ಲ ಮುಗಿದ ಮೇಲೆ ಸ್ಮಶಾನದಲ್ಲಿ ಹುಗೀತಾರಂತೆ."

ಆಗ ಬಾಯ್‌ಗೆ ಹೆಮ್ಮೆ ತಡೆಯಲಾಗಲಿಲ್ಲ. ನನ್ನ ತೋಳು ಹಿಡಿದು ಮುಂದೆ ಎಳೆದು ನೋರಾಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದಳು. ಬ್ರದರ್, ಮ್ಯಾಂಗಲೋರ್, ರೆಡ್ ಸಾಯಿಲ್, ಲಿಟಲ್ ಬೋನ್ ಎಂಬಷ್ಟು ನನಗೂ ತಿಳಿಯಿತು. ಅಷ್ಟು ತಿಳಿದದ್ದು ಸಾಕಿತ್ತು. ಅಜ್ಜಿಯರೆಲ್ಲ ನನ್ನತ್ತ ನೋಡಿ ತಲೆ ಆಡಿಸಿದರು. ಒಬ್ಬಳು ನನ್ನ ಕೈ ಒತ್ತಿದಳು.

ನೋರಾಳ ಮುಖ ಅರಳಿತು. ಅವಳು ಬಹಳ ಆಸಕ್ತಿಯಿಂದ ಉದ್ದಕ್ಕೆ ಮಾತಾಡಿದಳು. ಬಾಯ್ ಅಭ್ಯಾಸಬಲದಿಂದ ತಿರುಗಿಸುತ್ತ ಹೋದಳು.

"ನಿನ್ನ ಅದೃಷ್ಟ ಅಂತ ಹೇಳ್ತಾಳೆ. ಇಲ್ಲಿಯದ್ದು ಸುಣ್ಣಕಲ್ಲಿನ ನೆಲ, ಎಲುಬು ಉಳೀತದಂತೆ. ಜೋರು ಮಳೆ ಬೀಳುವ ಕೆಂಪು ಮಣ್ಣಿನಲ್ಲಿ ಹುಳಿ ಜಾಸ್ತಿ. ಎಲುಬನ್ನು ತಿಂದುಬಿಡ್ತದೆ. ಅದರಲ್ಲಿಯೂ ಆಗಷ್ಟೇ ಹುಟ್ಟಿದ ಮಗುವಿನದ್ದು..."

ಅಲ್ಲಿಗೆ ಬಾಯ್ ತಿರುಗಿಸುವುದನ್ನು ನಿಲ್ಲಿಸಿದಳು. ನೋರಾ ಮಾತು ಮುಂದುವರಿಸಿದಳು. ಫೋಟೊ ಇದ್ದರೆ ತೋರಿಸಿ ಎಂದು ಕೇಳುತ್ತಿದ್ದಾಳೆಂದು ಅವಳ ಕೈಯ ಆಕಾರದಿಂದಲೇ ಗೊತ್ತಾಯಿತು. ಡಬ್ಲಿನ್ನಿನ ನಾಯಿ ನೆನಪಾಯಿತು. ಇವಳೂ ಬೊಗಳಲಿಲ್ಲ. ಸುಮ್ಮನೆ ಪೆಟ್ಟಿಗೆಯ ಎದುರು ಕುಳಿತಂತಿದ್ದಳು, ತಾನು ಎಂತ ಹಿಡಿದಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

"ಫೋಟೊ ಇಲ್ಲ" ಎಂದು ಬಾಯ್ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ತಾನಾಗಿ ಒಂದು ಪ್ರಶ್ನೆ ಕೇಳಿದಳು. ನೋರಾ ಉತ್ತರ ಕೊಟ್ಟಳು. ಅದನ್ನು ಬಾಯ್ ನನಗೆ ಹೇಳಿದ್ದು ರಾತ್ರಿ ಊಟಕ್ಕೆ ಮುಂಚೆ.

ಅಡುಗೆಮನೆ

ಪೇಟೆಯಿಂದ ತಂದ ಬಂಗುಡೆ ಮೀನನ್ನು ಅವಳು ಸಿಂಕಿನಲ್ಲಿ ಕತ್ತರಿಸುತ್ತಿದ್ದಳು. ನನ್ನತ್ತ ಬೆನ್ನು.

"ಎಲುಬು ಎಷ್ಟು ಉದ್ದ ಇತ್ತು ಬಾಬ್?"

ಅವಳು ನರ್ಸ್. ನಾನು ಕಿರುಬೆರಳು ತೋರಿಸಲು ಹೊರಟವನು ಕೈ ಕೆಳಗಿಟ್ಟೆ.

"ಇರಲಿಲ್ಲ."

"ಪೆಟ್ಟಿಗೆಯಲ್ಲಿ ಎಂತ ಇತ್ತು?"

"ಮಣ್ಣು."

"ಯಾವ ಮಣ್ಣು?"

"ಬಾವಿಕಟ್ಟೆಯ ಹತ್ತಿರದ್ದು. ಆಂಥೂರಿಯಂ ಹೂವಿನ ಚಟ್ಟಿಗೆ ಹಾಕಲಿಕ್ಕೆ ತರಿಸಿದ್ದು ಉಳಿದಿತ್ತು."

ಚೂರಿ ನಿಂತಿತು. "ಹಾಗಾದರೆ ನಾನು ಮೂರು ವರ್ಷ ಆಂಥೂರಿಯಮ್ಮಿಗೆ ತೇರ್ಸ್ ಮಾಡಿದೆ" ಎಂದಳು. ತೇರ್ಸ್ ಎಂದರೆ ನಮ್ಮ ಜಪಮಾಲೆಯ ಪ್ರಾರ್ಥನೆ, ಅವಳು ದಿನವೂ ಮಾಡುತ್ತಾಳೆ. ನಗಲಿಲ್ಲ, ಅಳಲೂ ಇಲ್ಲ. ನಾನು ರೋಸ್, ಫೋನು, ಮಾಂಸದ ಪಾತ್ರೆ, ಎಲ್ಲವನ್ನೂ ಹೇಳಿದೆ. ಮರೆತದ್ದಲ್ಲ ಎಂಬುದನ್ನೂ ಹೇಳಿದೆ.

"ನೋರಾಳ ಹತ್ತಿರ ನಾನು ಎಂತ ಕೇಳಿದೆ ಗೊತ್ತುಂಟಾ?" ಎಂದಳು. "ಎಲುಬು ಕರಗಿದರೆ ಮತ್ತೆ ಉಳಿಯುವುದೆಂತ ಅಂತ. ಮಣ್ಣಿನ ಬಣ್ಣ ಬೇರೆಯಾಗಿ ನಿಲ್ತದಂತೆ. ಅವರು ಆ ಮಣ್ಣನ್ನೇ ತೆಗೆದು ಪೆಟ್ಟಿಗೆಯಲ್ಲಿ ಇಡ್ತಾರಂತೆ. ಅದೇ ಮಗು ಅಂತ. ಅವನ ಮಣ್ಣು ಈಗ ಎಲ್ಲಿ ಉಂಟು?"

"ಆ ಮದುವೆ ಹಾಲ್‌ನ ಪಾರ್ಕಿಂಗಿನ ಅಡಿಯಲ್ಲಿ."

"ನೀನು ಅಲ್ಲಿಗೆ ಹೋಗಿದ್ದೀಯಾ?"

"ಎರಡು ಮದುವೆ ಉಂಡಿದ್ದೇನೆ."

ಅವಳು ಬಂಗುಡೆಯ ಕಡೆಗೆ ತಿರುಗಿದಳು. ಕೊನೆಯ ಮೀನನ್ನೂ ಕತ್ತರಿಸಿ ಹೇಳಿದಳು: "ನಾನು ಓಡಿಯೂ ತಡವಾದವಳು. ನೀನು ಕೂತು ತಡ ಮಾಡಿದವ."

ಮುಂದಿನ ದಿನಗಳಲ್ಲಿ ಅವಳು ನನಗೆ ಹೊತ್ತುಹೊತ್ತಿಗೆ ಬಡಿಸಿದಳು, ಮಾತಾಡಲಿಲ್ಲ. ನಾನು ಬೇಲಿಯ ಕಿಂಡಿಗೆ ಹೋಗಿ ನಿಲ್ಲುತ್ತಿದ್ದೆ. ಅವರು ಕೆರೆಯುತ್ತಲೇ ಇದ್ದರು. ಕೊನೆಗೆ ಅಲ್ಲಿಯೂ ಐದಾರು ಮಹಡಿ ಏಳುವುದೇ, ಅಲ್ಲಿಯೂ ಪಾರ್ಕಿಂಗ್ ಆಗುವುದೇ. ಕ್ರೇನು ಹೇಗೂ ಗೆಲ್ಲುತ್ತದೆ. ಆದರೆ ಆ ಊರಿನ ಕ್ರೇನು ಮೊದಲು ಕೇಳಿಕೊಂಡು ನಿಂತಿತ್ತು. ನಮ್ಮ ಜೆಸಿಬಿ ಕೂಡ ಕೇಳಿತ್ತು, ಅದನ್ನು ಒಪ್ಪಬೇಕು. ಆ ಹುಡುಗ ಫೋನು ಮಾಡಿ ಕೇಳಿದ್ದ.

ವಾಪಸು

ಹೊರಡುವ ದಿನ ಬಾಯ್ ನನ್ನ ಕೈಚೀಲದಿಂದ ಅರ್ಧ ಬಟ್ಟೆಯನ್ನೂ ನಾನು ಖರೀದಿಸಿದ್ದ ಚಾಕಲೇಟನ್ನೂ ತೆಗೆದು ಹೊರಗಿಟ್ಟು, ಕಲ್ಲನ್ನು ಟವೆಲಿನಲ್ಲಿ ಸುತ್ತಿ ಅದರೊಳಗೆ ಇಳಿಸಿದಳು.

"ಆಂಥೂರಿಯಮ್ಮಿನ ಮೇಲೆ ಇಡಬೇಡ. ನವೆಂಬರಿನಲ್ಲಿ ನಾನು ಬರ್ತೇನೆ. ಎಲ್ಲಿ ಇಡುವುದು ಅಂತ ನೀನು ತೋರಿಸಬೇಕು. ಅಷ್ಟರ ತನಕ ಹೊತ್ತುಕೊಂಡಿರು."

ಬಾಗಿಲಲ್ಲಿ ಮತ್ತೊಂದು ಮಾತು ಹೇಳಿದಳು. "ಹೋದ ಕೂಡಲೇ ಅವನ ಮಣ್ಣು ಇರುವಲ್ಲಿಗೆ ಒಂದು ಕೊಡಪಾನ ನೀರು ಕೊಂಡುಹೋಗು. ನಡೆದುಕೊಂಡು ಹೋಗಬೇಡ."

ಡಬ್ಲಿನ್ನಿನ ತಪಾಸಣೆಯಲ್ಲಿ ಕೈಚೀಲ ನಿಂತುಹೋಯಿತು. ಅಧಿಕಾರಿ ಟವೆಲ್ ಬಿಚ್ಚಿ, ಅರ್ಥವಾಗದ ಅಕ್ಷರಗಳ ಮೇಲೆ ಬೆರಳಾಡಿಸಿ, ಇದೇನು ಎಂದು ಕೇಳಿದ. ಸುಳ್ಳು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿ ಉಳಿದಿರಲಿಲ್ಲ.

"ಬ್ರದರ್" ಎಂದೆ.

ಅವನು ಟವೆಲನ್ನು ಮೊದಲಿನ ಹಾಗೆಯೇ ಮಡಚಿ ಸುತ್ತಿ, ಎರಡೂ ಕೈಯಲ್ಲಿ ನನಗೆ ಕೊಟ್ಟು, "ಸಾರಿ" ಎಂದ. ಆ ದೇಶದಲ್ಲಿ ಕೇಳಿದ ಎಲ್ಲ ಸಾರಿಗಳಲ್ಲಿ ಅದೊಂದು ಸರಿಯಾದ ಜಾಗಕ್ಕೆ ಬಿದ್ದಿತು.

ಪಾರ್ಕಿಂಗ್

ಕೊಡಪಾನ ಸ್ಕೂಟರಿನಲ್ಲಿ ನಿಲ್ಲುವುದಿಲ್ಲ. ಎರಡು ದೊಡ್ಡ ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡು ಹೋದೆ. ಗೇಟಿನಿಂದ ಒಳಗೆ ಓಡಿದೆ, ಈ ವಯಸ್ಸಿನಲ್ಲಿ, ಈ ಹೊಟ್ಟೆ ಹೊತ್ತುಕೊಂಡು. ಹಾಲ್‌ನೊಳಗೆ ಯಾರದೋ ಮದುವೆ, ಬ್ಯಾಂಡು ಬಾರಿಸುತ್ತಿತ್ತು. ಅಂಗಳದ ತುಂಬ ಕಾರುಗಳು, ಅವುಗಳ ಅಡಿಯಲ್ಲಿ ಸಾಲಾಗಿ ಜೋಡಿಸಿದ ಸಿಮೆಂಟು ಇಟ್ಟಿಗೆ. ನಮ್ಮ ಹಿತ್ತಿಲಿನ ಮಣ್ಣು ಯಾವ ಮೂಲೆಗೆ ಬಿದ್ದಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು? ಕಾರುಗಳ ನಡುವೆ ಬಗ್ಗಿಕೊಂಡು, ಇಟ್ಟಿಗೆಯ ಸಂದುಗಳಿಗೆ ಸ್ವಲ್ಪ ಸ್ವಲ್ಪವೇ ಹೊಯ್ಯುತ್ತ ಹೋದೆ. ಎಲ್ಲ ಕಡೆಗೂ ಬೇಕಿತ್ತು. ಎರಡು ಬಾಟಲಿ ಎಲ್ಲಿಗೂ ಸಾಲಲಿಲ್ಲ.

ಖಾಕಿ ಹಾಕಿದ ವಾಚ್‌ಮನ್ ಬಂದ.

"ಎಂತ ಮಾರಾಯ್ರೆ, ನೀರು ಯಾಕೆ ಹೊಯ್ತಿದ್ದೀರಿ? ಇಲ್ಲಿ ಗಿಡ ಎಂತದೂ ಇಲ್ಲ."

"ಇಲ್ಲಿ ನಮ್ಮ ಅಣ್ಣ ಇದ್ದಾನೆ" ಎಂದೆ.

ಅವನು ಸಾಲಾಗಿ ನಿಂತಿದ್ದ ಕಾರುಗಳ ಮೇಲೊಮ್ಮೆ ಕಣ್ಣಾಡಿಸಿದ.

"ಹಾಗಾದರೆ ಒಳಗೆ ಹೋಗಿ ಅಣ್ಣಾ. ಎಲ್ಲರೂ ಊಟಕ್ಕೆ ಕೂತಾಯ್ತು. ನೀವೇ ತಡ."